ಗಾಡಿಮನೆಯ ಎಡಗೋಡೆಗೆ ಹೊಟ್ಟೆ ಬಂದದ್ದು

ಎಲ್ಲವನ್ನೂ ಬರೆದಿಟ್ಟುಕೊಳ್ಳುವವರನ್ನು ಕಂಡರೆ ಜನಕ್ಕೆ ಅದೇನೋ ಗೌರವ. ಆ ಗೌರವಕ್ಕೆ ನಾವು ತಕ್ಕವರಲ್ಲ ಎಂಬುದು ಬರೆದಿಟ್ಟುಕೊಳ್ಳುವ ನಮಗೆ ಮಾತ್ರ ಗೊತ್ತು. ನನ್ನ ಬೀರುವಿನಲ್ಲಿ ಹನ್ನೊಂದು ದಿನಚರಿಗಳಿವೆ. ಗ್ಯಾಸ್ ಸಿಲಿಂಡರ್ ಯಾವತ್ತು ಹಚ್ಚಿದೆವು, ಎಷ್ಟು ದಿನ ಬಂತು, ಬೆಳಗಿನ ಬಸ್ಸು ತಿಂಗಳಲ್ಲಿ ಎಷ್ಟು ಸಲ ಹೊತ್ತಿಗೆ ಸರಿಯಾಗಿ ಬಂತು, ಹಿತ್ತಲ ನುಗ್ಗೆಮರ ಎಷ್ಟು ಕಾಯಿ ಬಿಟ್ಟಿತು, ನೆಗಡಿ ಬಂದಾಗ ನಾನು ಎಷ್ಟು ಸೀನು ಸೀನಿದೆ, ಎಲ್ಲ ಅದರಲ್ಲಿದೆ. ಇಷ್ಟು ಬರೆದಿಟ್ಟ ಮನುಷ್ಯ ತಪ್ಪು ಮಾಡುವುದಿಲ್ಲವೇ ಎಂದು ನೀವು ಕೇಳಬಹುದು. ಮಾಡುತ್ತಾನೆ. ಉಳಿದವರು ಸುಮ್ಮನೆ ಮಾಡುತ್ತಾರೆ, ಇವನು ತಾರೀಖು ಹಾಕಿ ಮಾಡುತ್ತಾನೆ, ಅಷ್ಟೇ ವ್ಯತ್ಯಾಸ.

ನಾನು ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ತೂಕ ಬರೆಯುವವನು. ಮನೆ ಮೇಲೂರಿನಲ್ಲಿ, ಇರುವುದು ನಾನು ಮತ್ತು ಅಮ್ಮ. ಅಮ್ಮನಿಗೆ ಸಮುದ್ರ ನೋಡಬೇಕೆಂದು ಬಹಳ ವರ್ಷಗಳ ಆಸೆ. ಆದರೆ ಎರಡು ಷರತ್ತು. ಹೋಟೆಲಿನ ಊಟ ಮುಟ್ಟುವುದಿಲ್ಲ, ಕಂಡವರ ಬಚ್ಚಲಿಗೆ ಕಾಲಿಡುವುದಿಲ್ಲ. ಈ ಎರಡು ಷರತ್ತುಗಳ ದೆಸೆಯಿಂದ ಅವಳು ಕಂಡ ಅತಿ ದೊಡ್ಡ ನೀರೆಂದರೆ ಕೋಡಿ ಬಿದ್ದ ವರ್ಷದ ನಮ್ಮೂರ ಕೆರೆ. ಹೀಗಾಗಿ ಹೋದ ವರ್ಷ ಬೆಂಗಳೂರಿನವರೊಬ್ಬರು ಮಾರಲಿಟ್ಟಿದ್ದ ಹಳೆಯ ಕ್ಯಾರವಾನ್ ಒಂದನ್ನು ಕೊಂಡು ತಂದೆ. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಎರಡು ಚಕ್ರದ ಪುಟ್ಟ ಮನೆ ಅದು. ಒಳಗೆ ಎರಡು ಮಂಚ, ಒಂದು ಒಲೆ, ಮೂಲೆಯಲ್ಲಿ ಬೀರುವಿನಷ್ಟು ಅಗಲದ ಬಚ್ಚಲು. ನಮ್ಮ ಕಡೆಯವರಿಗೆ ಕ್ಯಾರವಾನ್ ಎಂದರೆ ಸಿನಿಮಾದವರು ಬಣ್ಣ ಹಚ್ಚಿಕೊಳ್ಳುವ ಗಾಡಿ. ಮೊದಲ ವಾರ ಹೀರೋಯಿನ್ ಇಳಿಯುತ್ತಾಳೆಂದು ಕಾಂಪೌಂಡಿನ ಹೊರಗೆ ಕಾದವರು ಇಪ್ಪತ್ಮೂರು ಮಂದಿ. ಇಳಿದವಳು ಪ್ರತಿ ಸಲವೂ ಪೊರಕೆ ಹಿಡಿದ ನಮ್ಮಮ್ಮ.

ಅಮ್ಮ ಬಚ್ಚಲಿನ ಬಾಗಿಲು ಮೂರು ಸಲ ಹಾಕಿ ತೆಗೆದು ನೋಡಿ, "ಪರವಾಗಿಲ್ಲ ಕಣೋ ಮಂಜು, ದಸರಾ ರಜಕ್ಕೆ ಹೋಗಣ" ಎಂದು ಒಪ್ಪಿಗೆ ಕೊಟ್ಟಳು. ಚಿಕ್ಕಬಳ್ಳಾಪುರದ ಭಾವ ಜೀಪು ಕೊಡುವುದಾಗಿ ಹೇಳಿದರು. ಅಮ್ಮ ಆಗಿನಿಂದಲೇ ಎಡಗಡೆಯ ಶೆಲ್ಫಿಗೆ ಸಾಮಾನು ತುಂಬತೊಡಗಿದಳು. ಮಾವಿನಕಾಯಿ ಉಪ್ಪಿನಕಾಯಿ, ನಿಂಬೆಕಾಯಿ ಉಪ್ಪಿನಕಾಯಿ, ಹುರಿಹಿಟ್ಟು, ಸಾರಿನ ಪುಡಿ, ಹುಳಿಪುಡಿ, ಎಲ್ಲ ಸೇರಿ ಎಂಟು ಭರಣಿ. ನಾಲ್ಕು ದಿನದ ಪ್ರವಾಸಕ್ಕೆ ಎಂಟು ಭರಣಿ ಯಾಕೆಂದು ಕೇಳಿದ್ದಕ್ಕೆ, "ದಾರೀಲಿ ಏನಾನ ಆದ್ರೆ?" ಎಂದಳು. ಏನಾದರೂ ಆದರೆ ಹುಳಿಪುಡಿ ಹೇಗೆ ಕಾಪಾಡುತ್ತದೆ ಎಂದು ನಾನು ಕೇಳಲಿಲ್ಲ.

ಮಳೆ ಹಿಡಿದು ಹತ್ತು ಹನ್ನೆರಡು ದಿನವಾಗಿತ್ತು. ಒಂದು ಮಂಗಳವಾರ ಹಲ್ಲುಜ್ಜುತ್ತ ನಿಂತಿದ್ದಾಗ ನೋಡುತ್ತೇನೆ, ಗಾಡಿಯ ಎಡಗೋಡೆ ಹೊರಗಡೆಗೆ ಉಬ್ಬಿದೆ. ಹಬ್ಬದೂಟ ಮುಗಿಸಿ ಎದ್ದವರ ಹೊಟ್ಟೆಯ ಹಾಗೆ, ಒಂದಿಷ್ಟೇ, ಆದರೆ ನಿಸ್ಸಂದೇಹವಾಗಿ. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ನನಗೆ ಮೊದಲು ಆದದ್ದು ಒಂದು ಬಗೆಯ ಉತ್ಸಾಹ. ಗಾರೆಯವರು ಮಾಡುವ ಹಾಗೆ ಗೋಡೆಯ ಈ ತುದಿಯಿಂದ ಆ ತುದಿಗೆ ದಾರ ಎಳೆದು ಕಟ್ಟಿ, ಶಾಲೆಯ ಕಾಲದ ಸ್ಕೇಲು ಹಿಡಿದು ಅಳೆದೆ. ಒಂಬತ್ತು ಮಿಲಿಮೀಟರ್. ಬುಧವಾರ ಹನ್ನೊಂದು. ಗುರುವಾರ ಹದಿನಾಲ್ಕು. ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳು ಬಹಳ ಅಂದವಾಗಿ ಏರುತ್ತಿದ್ದವು. ಗೋಡೆ ಹಾಳಾಗುತ್ತಿದೆ ಎಂಬುದು ಆ ಅಂದದಲ್ಲಿ ಎರಡು ದಿನ ಮರೆತೇ ಹೋಗಿತ್ತು.

ಇನ್ನು ಕಾರಣ ಹುಡುಕಬೇಕು. ನಾನು ಎಡಗೋಡೆಯನ್ನೂ ಬಲಗೋಡೆಯನ್ನೂ ಹೋಲಿಸಿ ಒಂದು ಪಟ್ಟಿ ಮಾಡಿದೆ. ಎರಡೂ ಒಂದೇ ವಯಸ್ಸಿನವು, ಎರಡಕ್ಕೂ ಒಂದೇ ಬಿಸಿಲು, ಒಂದೇ ಮಳೆ. ಎಡಕ್ಕೆ ಇದ್ದು ಬಲಕ್ಕೆ ಇಲ್ಲದ್ದು ಒಂದೇ: ಅಮ್ಮನ ಎಂಟು ಭರಣಿ. ವಿಜ್ಞಾನದ ಮುಂದೆ ತಾಯಿ ಮಗ ಎಂಬ ಸಂಬಂಧ ನೋಡಬಾರದೆಂದು, ಶುಕ್ರವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ಈ ನಿರ್ಣಯವನ್ನು ಅಮ್ಮನಿಗೆ ತಿಳಿಸಿದೆ.

"ಏನಂದೆ?"

"ಭರಣಿ ಭಾರಕ್ಕೆ ಗೋಡೆ ಹೊರಕ್ಕೆ ಬಂದೈತೆ ಅಂತ."

"ನನ್ನ ಉಪ್ಪಿನಕಾಯಿಗೆ ಗೋಡೆ ಉಬ್ಬೈತಾ? ನಲವತ್ತು ವರ್ಷದಿಂದ ಇದೇ ಭರಣಿ ಅಡುಗೆಮನೇಲಿ ಐತೆ, ಯಾವ ಗೋಡೆ ಉಬ್ಬೈತಪ್ಪ, ತೋರ್ಸು!" ಎಂದು ಅಮ್ಮ ಎದ್ದಳು. ಒಂದೊಂದಾಗಿ ಎಂಟೂ ಭರಣಿಯನ್ನು ಒಳಗೆ ತಂದಿಟ್ಟಳು. ಕೊನೆಯ ಭರಣಿ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, "ನೀನೂ ನಿನ್ನ ಸ್ಕೇಲೂ ಹೋಗಿ ಬನ್ನಿ ಸಮುದ್ರಕ್ಕೆ. ನಾನು ಬರಲ್ಲ" ಎಂದಳು.

ಅಮ್ಮ ಕೋಪದಲ್ಲಿ ಕೂಗಿದರೆ ಹೆದರಬೇಕಿಲ್ಲ. ಇದನ್ನು ಮೆಲ್ಲಗೆ ಹೇಳಿದ್ದಳು. ಭರಣಿಗಳು ಹೋದ ಮೇಲೂ ಶನಿವಾರ ಹದಿನಾರು ಮಿಲಿಮೀಟರ್ ಬಂತು. ಅಂದರೆ ನನ್ನ ನಿರ್ಣಯ ತಪ್ಪು, ಅಮ್ಮ ಸರಿ, ಗೋಡೆ ಇನ್ನೂ ಉಬ್ಬುತ್ತಿದೆ, ದಸರಾ ರಜೆಗೆ ಉಳಿದದ್ದು ಇಪ್ಪತ್ತಾರು ದಿನ.

ಚಿಂತಾಮಣಿಯ ಕಡೆಯಿಂದ ಬಡಗಿ ವೆಂಕಟ್ರಮಣಪ್ಪನವರನ್ನು ಕರೆಸಿದೆ. ಅಂಬಾಜಿದುರ್ಗದ ತಪ್ಪಲಿನ ಊರಿನವರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಬೆರಗಾದಾಗ ಮಾತ್ರ ಎಲ್ಲಿದ್ದರೂ ತೆಲುಗು. ಗೋಡೆಯ ಮುಂದೆ ನಿಂತು ತಲೆ ಕೆರೆದುಕೊಂಡು, "ದೀನಿಕಿ ಕಡುಪು ವಚ್ಚಿಂದಪ್ಪಾ!" ಎಂದರು. ಅವರು ಹೇಳಹೊರಟಿದ್ದು ಹೊಟ್ಟೆ ಬಂದಿದೆ ಎಂದಷ್ಟೇ. ಆದರೆ ತೆಲುಗಿನಲ್ಲಿ ಹಾಗೆಂದರೆ ಬಸುರಾಗಿದೆ ಎಂದು ಅರ್ಥ. ಅಮ್ಮನ ತವರೂ ಅದೇ ಕಡೆಯದು. ನನ್ನೊಂದಿಗೆ ಮಾತು ಬಿಟ್ಟು ಮೂರು ದಿನವಾಗಿದ್ದ ಅವಳು ಅಡುಗೆಮನೆಯ ಕಿಟಕಿಯಿಂದಲೇ, "ಎಷ್ಟು ತಿಂಗಳಂತೆ ಕೇಳೋ! ದಿನಾ ಅಳೀತಾ ಇದ್ದೀಯಲ್ಲ, ಲೆಕ್ಕ ಇಟ್ಟಿರ್ತೀಯ" ಎಂದಳು. ವೆಂಕಟ್ರಮಣಪ್ಪನವರು ನಕ್ಕ ನಗೆಗೆ ಬಾಯಿಂದ ಎಲೆಅಡಿಕೆ ಹೊರಗೆ ಬಂತು. ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿಕೊಂಡು ಹೋದರು. ಒಬ್ಬರಂತೂ ಸೀಮಂತ ಯಾವಾಗ ಎಂದು ನನ್ನನ್ನೇ ಕೇಳಿದರು.

ವೆಂಕಟ್ರಮಣಪ್ಪನವರ ಪ್ರಕಾರ ಬಿಸಿಲಿಗೆ ಹಲಗೆ ಹಿಗ್ಗಿದೆ, ಒತ್ತಿ ಹಿಡಿದರೆ ಕೂರುತ್ತದೆ. ಮಳೆಗಾಲದಲ್ಲಿ ಯಾವ ಬಿಸಿಲು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಉಬ್ಬಿನ ಮೇಲೊಂದು ಹಲಗೆ ಇಟ್ಟು, ಅದಕ್ಕೂ ಪಕ್ಕದ ಬೇವಿನಮರಕ್ಕೂ ನಡುವೆ ಒಂದು ಮರದ ತುಂಡು ಅಡ್ಡ ಕೊಟ್ಟು ಬಿಗಿದು ಹೋದರು. ಮರುದಿನ ನೋಡಿದರೆ ಹಲಗೆಯ ಅಡಿ ಗೋಡೆ ತಟ್ಟೆಯ ಹಾಗೆ ಸಮವಾಗಿದೆ. ಎರಡು ಮೊಳ ಆಚೆ ಹೊಸದೊಂದು ಉಬ್ಬು ಎದ್ದಿದೆ. ನಾನು ಪಟ್ಟಿಯಲ್ಲಿ ಇನ್ನೊಂದು ಕಾಲಮ್ ಎಳೆದೆ.

ನಮ್ಮ ಮನೆಯ ಹಿಂದೆ ಇಮ್ತಿಯಾಜ್ ಭಾಯ್ ಅವರ ನೂಲು ತೆಗೆಯುವ ಘಟಕ. ಮಾರುಕಟ್ಟೆಯಲ್ಲಿ ನಾನು ಅವರನ್ನು ದಿನವೂ ನೋಡುತ್ತೇನೆ. ಗೂಡಿನ ರಾಶಿಯ ಮುಂದೆ ಕೂತು, ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಗಟ್ಟಿಯಾಗಿದ್ದರೆ ಟಕಟಕ ಎನ್ನುತ್ತದೆ; ಸತ್ತು ಕರಗಿ ಅಂಟಿಕೊಂಡಿದ್ದರೆ ಸದ್ದಿಲ್ಲ. ಅಷ್ಟರಲ್ಲೇ ಅವರಿಗೆ ರಾಶಿಯ ಹಣೆಬರಹ ಗೊತ್ತಾಗುತ್ತದೆ. ಅವತ್ತು ಅಮ್ಮನ ಪಾತ್ರೆಯೊಂದನ್ನು ಹಿಂದಿರುಗಿಸಲು ಬಂದವರು ಗಾಡಿಯನ್ನು ನೋಡಿ ನಿಂತರು.

"ಏನ್ ಮಂಜು, ಗಾಡಿಗೆ ಊರುಗೋಲು ಕೊಟ್ಟಿದ್ದೀಯ?"

ನಾನು ಗ್ರಾಫ್ ತಂದು ತೋರಿಸಿದೆ. ಅದನ್ನವರು ಮಡಚಿ ನನ್ನ ಜೇಬಿಗೇ ಹಾಕಿದರು. ಬೆರಳ ಗಿಣ್ಣಿನಿಂದ ಗೋಡೆಯನ್ನು ಉದ್ದಕ್ಕೂ ಕುಟ್ಟುತ್ತ ಹೋದರು. ಮೇಲೆ ಟಕ್ ಟಕ್. ಕೆಳಗೆ ಬರುತ್ತ ದಬ್ ದಬ್. ಆಮೇಲೆ ಗೋಡೆಯ ಕೆಳಅಂಚಿಗೆ ಕಿವಿ ಹಚ್ಚಿ ಕುಕ್ಕರಗಾಲಲ್ಲಿ ಕೂತು, "ಅಲ್ಲಾಡ್ಸಪ್ಪ" ಎಂದರು.

"ಏನನ್ನ ಭಾಯ್?"

"ಗಾಡೀನ."

ಗೂಡು ಅಲ್ಲಾಡಿಸಿದ ಹಾಗೆ ಮನೆಯನ್ನು ಅಲ್ಲಾಡಿಸುವುದು ಹೇಗೆ? ಮರದ ತುಂಡು ಕಳಚಿ, ಮುಂದುಗಡೆಯ ಕೊಂಡಿಯನ್ನು ನಾನು ಹಿಡಿದೆ, ಹಿಂದೆ ಅವರ ಘಟಕದ ಇಬ್ಬರು ಬಂದು ನಿಂತರು. ಮೂವರೂ ಸೇರಿ ತೊಟ್ಟಿಲು ತೂಗುವ ಹಾಗೆ ತೂಗಿದೆವು. ಕಿಟಕಿಯಿಂದ ಅಮ್ಮ, "ಬಸುರೀನ ಹಂಗೆ ಕುಲುಕಬಾರ್ದು ಕಣ್ರೋ" ಎಂದಳು. ಇಮ್ತಿಯಾಜ್ ಭಾಯ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಆ ಮೌನದಲ್ಲಿ ನನಗೂ ಕೇಳಿಸಿತು. ಗೋಡೆಯ ಕೆಳಗಿನ ಪೊಳ್ಳು ಪಟ್ಟಿಯೊಳಗೆ, ಅರ್ಧ ತುಂಬಿದ ಬಿಂದಿಗೆಯಂತೆ, ಗುಳುಗುಳು.

"ನೀರು!" ಎಂದರು. ಹೊರಗೆ ಫೈಬರ್ ಹಾಳೆ, ಒಳಗೆ ಪ್ಲೈವುಡ್, ನಡುವೆ ಅಂಟು. ಇಷ್ಟೇ ಈ ಗೋಡೆ. ಮೇಲೆ ಎಲ್ಲಿಂದಲೋ ಇಳಿದ ನೀರು ಕೆಳಗೆ ನಿಂತು, ಪ್ಲೈವುಡ್ ಅದನ್ನು ಕುಡಿದು ಊದಿಕೊಂಡು, ಅಂಟು ಬಿಟ್ಟು, ಹಾಳೆಯನ್ನು ಹೊರಕ್ಕೆ ನೂಕಿದೆ. ಅವರು ಅಂಚಿನ ಉದ್ದಕ್ಕೂ ಬೆರಳಾಡಿಸಿ ಹುಬ್ಬು ಗಂಟಿಕ್ಕಿದರು. "ಇಲ್ಲಿ ನೀರು ಇಳಿಯೋಕೆ ತೂತು ಇರ್ಬೇಕಲ್ಲಪ್ಪ? ಇತ್ತು ನೋಡು, ಇಲ್ಲೊಂದು, ಇಲ್ಲೊಂದು. ಯಾವನೋ ಅಕಲ್ ಇಲ್ದೋನು ಮುಚ್ಚಿಬಿಟ್ಟವ್ನೆ!"

ಗಾಡಿ ಮಾರಿದ ಆ ಬೆಂಗಳೂರಿನವರ ಮೇಲೆ ತಪ್ಪು ಹೊರಿಸಿಬಿಡಬಹುದಿತ್ತು. ಆದರೆ ನನ್ನ ದಿನಚರಿ ಕಂಕುಳಲ್ಲೇ ಇತ್ತು, ಕೈ ತಾನಾಗಿಯೇ ಪುಟ ತಿರುವಿತು. ಗಾಡಿ ಬಂದ ಮೂರನೆಯ ದಿನದ ನಮೂದು: "ಎಡಗೋಡೆ ಕೆಳಅಂಚು. ಸಣ್ಣ ತೂತು: ಏಳು. ಇರುವೆ ಬಾರದಂತೆ ಸೀಲೆಂಟ್ ಹಾಕಿ ಮುಚ್ಚಿದ್ದು: ಏಳು. ಬಾಕಿ: ಇಲ್ಲ. ತೃಪ್ತಿಕರ." ತೃಪ್ತಿಕರ ಎಂಬುದರ ಕೆಳಗೆ ಎರಡು ಗೆರೆ. ಅದರ ಕೆಳಗೆ, "ಬಲಗೋಡೆ: ಸೀಲೆಂಟ್ ಮುಗಿಯಿತು. ನಾಳೆ." ಆ ನಾಳೆ ನನಗೆ ಮರೆತುಹೋಗಿತ್ತು. ಬಲಗೋಡೆ ಉಳಿದುಕೊಂಡದ್ದು ನನ್ನ ಮರೆವಿನಿಂದ.

ಇದನ್ನು ಗಟ್ಟಿಯಾಗಿ ಓದಿದೆ. ಇಮ್ತಿಯಾಜ್ ಭಾಯ್ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಕಿಟಕಿಯ ಆಚೆ ಪಾತ್ರೆಯ ಸದ್ದು ನಿಂತಿತು. ಸ್ಕ್ರೂಡ್ರೈವರಿನಿಂದ ಏಳೂ ತೂತು ಬಿಡಿಸಿದಾಗ ಸುರಿದ ನೀರು ಒಂದೂವರೆ ಚೊಂಬು. ಮೇಲೆ ಹತ್ತಿ ನೋಡಿದರೆ ಚಾವಣಿಯ ಅಂಚಿನ ಹಳೆಯ ಅಂಟು ಬಿರುಕು ಬಿಟ್ಟಿತ್ತು. ಅದನ್ನು ಮುಚ್ಚಬೇಕಿತ್ತು, ನಾನು ನೀರು ಬರುವ ದಾರಿ ಬಿಟ್ಟು ಹೋಗುವ ದಾರಿ ಮುಚ್ಚಿದ್ದೆ.

ಗೋಡೆ ಒಣಗಬೇಕು, ಹೊರಗೆ ಮಳೆ. ಇಮ್ತಿಯಾಜ್ ಭಾಯ್ ಅವರ ಬಾಯ್ಲರಿನ ಪಕ್ಕ ಸದಾ ಬೆಚ್ಚಗಿರುವ ಒಂದು ಶೆಡ್ಡಿದೆ. ಕೆಳಗಿನ ಹಾಳೆ ಬಿಚ್ಚಿ ಗಾಡಿಯನ್ನು ಅಲ್ಲಿ ಹನ್ನೆರಡು ದಿನ ನಿಲ್ಲಿಸಿದೆವು. ಆಮೇಲೆ ವೆಂಕಟ್ರಮಣಪ್ಪನವರು ಚಾವಣಿಯ ಬಿರುಕು ಮುಚ್ಚಿ, ಕೊಳೆತ ಪ್ಲೈವುಡ್ ಕತ್ತರಿಸಿ ಹೊಸದು ಕೂರಿಸಿ, ಅಂಟು ಹಾಕಿ, ಮತ್ತದೇ ಮರದ ತುಂಡು ಒತ್ತುಕೊಟ್ಟರು. ಈ ಸಲ ಕೂತಿತು. ಆದರೆ ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳುವಿನ ವಾಸನೆ ಗಾಡಿಯ ಹಾಸಿಗೆ, ಪರದೆ, ಬಚ್ಚಲು ಎಲ್ಲದರೊಳಗೂ ಇಳಿದುಬಿಟ್ಟಿತ್ತು. ಆ ವಾಸನೆ ಗೊತ್ತಿಲ್ಲದವರಿಗೆ ವಿವರಿಸಲಾರೆ, ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಇನ್ನು ಅಮ್ಮ ಬಂದ ಹಾಗೆಯೇ ಎಂದುಕೊಂಡೆ.

ಅವಳ ಮುಂದೆ ಹೋಗಿ ನಿಂತು, "ಅಮ್ಮ, ಭರಣಿದೇನೂ ತಪ್ಪಿಲ್ಲ. ತಪ್ಪು ನಂದೇ" ಎಂದೆ.

"ಬರ್ಕೊಂಡಿದ್ದೀಯಾ?"

"ಬರ್ಕೊಂಡಿದ್ದೀನಿ."

ಅಮ್ಮ ಗಾಡಿಯ ಬಾಗಿಲು ತೆಗೆದು ಒಂದು ಸಲ ಉಸಿರೆಳೆದುಕೊಂಡಳು. ಅವಳು ಹುಳು ಸಾಕಿದ ಮನೆಯಲ್ಲಿ ಹುಟ್ಟಿ, ನೂಲು ತೆಗೆಯುವವರ ಬೆನ್ನಿಗೆ ಬಾಳಿದವಳು. "ಮೊದ್ಲು ಬರೀ ಪ್ಲಾಸ್ಟಿಕ್ ವಾಸ್ನೆ ಹೊಡೀತಿತ್ತು. ಈಗ ನೋಡು, ಮನೆ ಅನ್ನಿಸ್ತೈತೆ" ಎಂದಳು. ಆಮೇಲೆ ಎಂಟು ಭರಣಿಗಳನ್ನೂ ನನ್ನ ಕೈಯಲ್ಲೇ ಹೊರಿಸಿ, ಎಡಗಡೆಯ ಶೆಲ್ಫಿನಲ್ಲೇ ಇಡಿಸಿದಳು.

ದಸರಾ ರಜೆಯ ಮೂರನೆಯ ದಿನ ಸಂಜೆ ಉಡುಪಿಯ ಕಡೆಯ ಒಂದು ಕಡಲತೀರದಲ್ಲಿ ಗಾಡಿ ನಿಲ್ಲಿಸಿದೆವು. ಹತ್ತಿರದಲ್ಲೇ ಮೀನು ಒಣಹಾಕಿದ್ದರಿಂದ ನಮ್ಮ ವಾಸನೆಯನ್ನು ಯಾರೂ ಗಮನಿಸಲಿಲ್ಲ. ಅಮ್ಮ ನೇರವಾಗಿ ನೀರಿನ ಕಡೆ ನಡೆದು, ಮರಳಿನ ಮೇಲೆ ಕೂತಳು. ಅಷ್ಟು ದೂರದ ಕುಲುಕಾಟಕ್ಕೆ ಗೋಡೆ ಏನಾಗಿದೆಯೋ ಎಂದು ನಾನು ದಾರ ಕಟ್ಟಿ, ಮಂಡಿಯೂರಿ ಸ್ಕೇಲು ಹಿಡಿದಿದ್ದೆ.

"ಮಂಜೂ, ಸಮುದ್ರ ಈ ಕಡೆ ಐತೆ ಕಣಪ್ಪ."

ನಾಚಿಕೆಯಾಯಿತು. ಸ್ಕೇಲು ಜೇಬಿಗೆ ಹಾಕಿ ಹೋಗಿ ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಕೂತಿದ್ದೆವು. ಆಮೇಲೆ ತಡೆಯಲಾಗದೆ, ಅವಳಿಗೆ ಕಾಣದ ಹಾಗೆ ದಿನಚರಿ ತೆಗೆದು, ಗಡಿಯಾರ ನೋಡಿ, "ಅಲೆ: ನಿಮಿಷಕ್ಕೆ ಎಂಟು" ಎಂದು ಬರೆದೆ.

ಅಮ್ಮ ಕಣ್ಣನ್ನು ನೀರಿನಿಂದ ತೆಗೆಯದೆಯೇ, "ಒಂಬತ್ತು" ಎಂದಳು. "ನಡುವೆ ಒಂದು ಚಿಕ್ಕದು ಬಂತು, ನೀನು ಬಿಟ್ಟೆ."