ಹಜ್ ಯಾತ್ರೆಗೆ ತಂಪು ಕಾಲ

ಬಿಸಿಲು ಯಾವಾಗ, ಮಳೆ ಯಾವಾಗ ಎಂಬುದನ್ನು ಶಿರಾ ಪೇಟೆಯಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ನನ್ನದು ಕೊಡೆ ಅಂಗಡಿ. ಮಳೆಯೇ ದಾರಿ ತಪ್ಪಿ ಬರುವ ಊರಿನಲ್ಲಿ ಇಪ್ಪತ್ತು ವರ್ಷ ಕೊಡೆ ಮಾರಿ ಸಂಸಾರ ತೂಗಿಸಿದವನಿಗೆ ಋತುಗಳ ವಿಷಯದಲ್ಲಿ ಸ್ವಲ್ಪ ಜಂಬ ಬರುವುದು ಸಹಜವೇ.

೧೯೫೨ರಲ್ಲಿ ಒಂದು ದಿನ ನನ್ನ ಹೆಂಡತಿ ಮೆಹರುನ್ನಿಸಾ ಊಟ ಬಡಿಸುತ್ತಾ, "ಅಜೀ, ಈ ಸಲ ಹಜ್‌ಗೆ ಅರ್ಜಿ ಹಾಕಿಬುಡೋಣ" ಎಂದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಕೇಳಿದ್ದು ಅದೊಂದೇ. ನಾನು ಗೋಡೆಗೆ ಒರಗಿ ಘನಗಂಭೀರವಾಗಿ ಅಪ್ಪಣೆ ಕೊಡಿಸಿದೆ.

"ಹೋಗೋಣ. ಆದ್ರೆ ಕಾಲ ನೋಡ್ಕೊಂಡು ಹೋಗೋಣ."

"ಕಾಲ ಏನು ನೋಡೋದು? ಬಕ್ರೀದ್ ಬಂದಾಗ ಹಜ್."

"ಈ ವರ್ಷ ಬಕ್ರೀದ್ ಆಗಸ್ಟ್ ಕೊನೇಲಿ. ಅರಬ್ ದೇಶದಲ್ಲಿ ಆಗ ಬೆಂಕಿ ಸುರೀತದಂತೆ. ಪರದೇಶಕ್ಕೆ ಹೋಗೋರು ತಂಪು ಕಾಲ ಆರಿಸ್ಕೊಂಡು ಹೋಗ್ಬೇಕು."

ಆರಿಸಿಯೇ ತೀರುತ್ತೇನೆಂದು ಎದುರುಮನೆಯ ಚನ್ನಮಲ್ಲಯ್ಯ ಮೇಷ್ಟ್ರ ಹತ್ತಿರ ಹೋದೆ. ಅವರ ಮನೆಯಲ್ಲಿ ಪಂಚಾಂಗವಿತ್ತು. "ಮೇಷ್ಟ್ರೇ, ಹಬ್ಬಗಳು ಯಾವಾಗ ಮುಂದಕ್ಕೆ ಹೋಯ್ತವೆ?" ಎಂದು ಕೇಳಿದೆ. ಅವರು ಕನ್ನಡಕ ಏರಿಸಿ, "ಬರೋ ವರ್ಷ ಅಧಿಕ ಮಾಸ ಐತೆ ಸಾಹೇಬ್ರೇ. ಒಂದು ತಿಂಗಳು ಹೆಚ್ಗೆ ಸೇರ್ತದೆ. ಆಮೇಲಿನ ಹಬ್ಬ ಎಲ್ಲಾ ಮುಂದಕ್ಕೆ ಹೋಯ್ತವೆ" ಎಂದರು. ಯಾವ ಹಬ್ಬ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕುಣಿಯುತ್ತಾ ಮನೆಗೆ ಬಂದೆ. ಒಂದು ವರ್ಷ ತಡೆದರೆ ಹಜ್ ಸೆಪ್ಟೆಂಬರ್ ಕೊನೆಗೆ, ಇನ್ನೊಂದು ಅಧಿಕ ಮಾಸಕ್ಕೆ ಕಾದರೆ ಅಕ್ಟೋಬರಿಗೆ!

ಮೆಹರುನ್ನಿಸಾ ಕೇಳಿಸಿಕೊಂಡು ಹೇಳಿದಳು: "ನನ್ನ ಮದುವೆ ಆದ ಹೊಸದ್ರಲ್ಲಿ ರಂಜಾನ್ ಚಳೀಲಿ ಬರ್ತಿತ್ತು. ಉಪವಾಸ ಹಿಡಿಯೋ ಮುಂಚಿನ ಸಹರಿ ಅಡುಗೆಗೆ ನಸುಕಲ್ಲೇ ಎದ್ದು ಒಲೆ ಮುಂದೆ ಕೈ ಕಾಯಿಸ್ಕೋತಿದ್ದೆ. ವರ್ಷ ವರ್ಷ ಹಿಂದಕ್ಕೆ ಸರ್ಕೊಂಡು ಈಗ ಮೇ ತಿಂಗಳಿಗೆ ಬಂದೈತೆ. ಅದು ಮುಂದಕ್ಕೆ ಹೋಗಿದ್ದು ನಾನಂತೂ ಕಾಣೆ."

"ಅದು ಅಡುಗೆಮನೆ ಲೆಕ್ಕ. ಇದು ಪಂಚಾಂಗದ ಲೆಕ್ಕ" ಎಂದೆ. ಇಪ್ಪತ್ತೆರಡು ವರ್ಷ ಅವಳು ಮಾಡಿದ ಸಹರಿ ಉಂಡವನು ನಾನು. ಅಷ್ಟೂ ವರ್ಷ ತಟ್ಟೆ ನೋಡಿದೆನೇ ಹೊರತು ಹೊರಗಿನ ಹವೆ ನೋಡಲಿಲ್ಲ. ನನ್ನ ಮಾತು ಕೇಳಿ ಬಳೆ ಅಂಗಡಿಯ ಖಲೀಲುಲ್ಲಾ ಕೂಡ ತನ್ನ ಯಾತ್ರೆ ಮುಂದೂಡಿದ.

ಮರುವರ್ಷದ ಉರ್ದು ಕ್ಯಾಲೆಂಡರ್ ಬಂತು. ಬಕ್ರೀದ್ ಮುಂದಕ್ಕೆ ಹೋಗುವುದಿರಲಿ, ಹತ್ತು ಹನ್ನೊಂದು ದಿನ ಹಿಂದಕ್ಕೆ ಬಂದು ಆಗಸ್ಟಿನ ನಡುಮಧ್ಯೆ ಕೂತಿತ್ತು. ಅದನ್ನು ತೂಗುಹಾಕಲು ಮೊಳೆ ಹೊಡೆಯುತ್ತಿದ್ದವನು ಬೆರಳಿಗೇ ಹೊಡೆದುಕೊಂಡೆ. ಬೆರಳು ಹಿಡಿದುಕೊಂಡೇ ಎದುರುಮನೆಗೆ ಓಡಿದೆ.

"ಅಯ್ಯೋ ಸಾಹೇಬ್ರೇ," ಮೇಷ್ಟ್ರು ತಲೆ ಚಚ್ಚಿಕೊಂಡರು, "ಅಧಿಕ ಮಾಸ ನಮ್ಮ ಪಂಚಾಂಗಕ್ಕೆ ಕಣ್ರೀ. ನಿಮ್ದಕ್ಕೆ ಎಲ್ಲೈತೆ? ನೀವು ನಮ್ಮ ಹಬ್ಬದ ವ್ಯಾಪಾರಕ್ಕೆ ಕೇಳ್ತಾ ಇದ್ದೀರ ಅಂದ್ಕೊಂಡೆ ನಾನು."

ಅಂದಿನಿಂದ ಖಲೀಲುಲ್ಲಾ ದಿನಾ ಅಂಗಡಿ ಮುಂದೆ ನಿಂತು, "ಹಿದಾಯತ್ ಭಾಯ್, ತಂಪಾಯ್ತಾ?" ಎಂದು ವಿಚಾರಿಸತೊಡಗಿದ.

ಬುದ್ಧಿ ಇದ್ದವನು ಅಲ್ಲಿಗೇ ತಪ್ಪಾಯಿತೆಂದು ಅರ್ಜಿ ಹಾಕುತ್ತಿದ್ದ. ನಾನು ಮಾತ್ರ ಕೆಟ್ಟ ಮೇಲೂ ಲೆಕ್ಕ ಬಿಡಲಿಲ್ಲ. ಹಜ್ ಹಿಂದಕ್ಕೇ ಬರುತ್ತದೆ ತಾನೇ? ಬರಲಿ. ಆಗಸ್ಟ್, ಜುಲೈ, ಜೂನ್, ಎಲ್ಲ ಬೇಸಿಗೆಯನ್ನೂ ದಾಟಿಕೊಂಡು ಒಂದಲ್ಲ ಒಂದು ದಿನ ಜನವರಿಗೆ ಬರಲೇಬೇಕು. ಮೂರು ದಿನ ಬೆರಳು ಮಡಚಿ ಎಣಿಸಿ ವಿಜಯೋತ್ಸಾಹದಿಂದ ಅಡುಗೆಮನೆಗೆ ನುಗ್ಗಿದೆ.

"ಮೆಹರೂ, ಸಿಕ್ತು. ಎಪ್ಪತ್ಮೂರನೇ ಇಸವಿ! ಇನ್ನು ಇಪ್ಪತ್ತೇ ವರ್ಷ. ಜನವರಿ ತಂಪಲ್ಲಿ ಆರಾಮಾಗಿ ಹೋಗ್ಬರ್ಬೋದು."

ಅವಳು ರೊಟ್ಟಿ ತಿರುವಿ ಹಾಕಿದಳು. "ಅಷ್ಟೊತ್ತಿಗೆ ನನ್ನ ಗೋರಿ ಮೇಲೆ ಕೊಡೆ ಹಿಡ್ಕೊಂಡು ಕೂತಿರಿ" ಎಂದಳು. ಆಮೇಲೆ ಹಜ್ ಎಂಬ ಮಾತೇ ಅವಳ ಬಾಯಲ್ಲಿ ಬರಲಿಲ್ಲ. ಒಪ್ಪಿದಳೆಂದು ನಾನು ನೆಮ್ಮದಿಯಾಗಿದ್ದೆ.

ಒಂದು ಶುಕ್ರವಾರ ಅವಳ ತಮ್ಮ ಅಹಮದ್ ಷರೀಫ್ ಮಧುಗಿರಿಯಿಂದ ಬಂದ. ಕೈಯಲ್ಲಿ ಬೊಂಬಾಯಿಯ ಹಜ್ ಕಚೇರಿಯ ಕಾಗದವಿತ್ತು. ತನ್ನ ಅರ್ಜಿಯ ಜೊತೆ ಅಕ್ಕನದನ್ನೂ ಹಾಕಿದ್ದನಂತೆ, ೧೯೫೪ರ ಹಡಗಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತ್ತು.

"ನನ್ನ ಹೆಸರು?" ಎಂದೆ.

"ನೀವು ಎಪ್ಪತ್ಮೂರಕ್ಕಲ್ವಾ ದುಲ್ಹೇಭಾಯ್?" ಎಂದ. ಪುಣ್ಯಾತ್ಮ ಹಾಸ್ಯ ಮಾಡಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಅವನು ನಿಜವಾಗಿಯೇ ಕೇಳಿದ್ದ.

ತುಮಕೂರಿಗೆ ಹೋದೆ, ಬೊಂಬಾಯಿಗೆ ಬರೆದೆ, ಕಂಡಕಂಡವರ ಕೈಕಾಲು ಹಿಡಿದೆ. ಆ ವರ್ಷದ ಪಟ್ಟಿ ಮುಗಿದಿತ್ತು. ಮೆಹರುನ್ನಿಸಾಳನ್ನು ಬೇಡ ಎನ್ನುವ ಮುಖ ನನಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಊರಿಗೆ ಊರೇ ಅವಳಿಗೆ ಹೂವಿನ ಹಾರ ಹಾಕಿತು, ನಾನು ಟ್ರಂಕು ಹೊತ್ತುಕೊಂಡು ಹಿಂದೆ ನಿಂತಿದ್ದೆ. ಬಸ್ಸು ಹೊರಟಾಗ ನನಗೆ ಅಳು ತಡೆಯಲಾಗಲಿಲ್ಲ. ಗಂಡ ಹೆಂಡತಿ ಜೊತೆಯಲ್ಲಿ ಮಾಡಬೇಕಾದ ಯಾತ್ರೆಯನ್ನು ನನ್ನ ಕೈಯಾರೆ ಹಾಳು ಮಾಡಿಕೊಂಡಿದ್ದೆ.

ಆಮೇಲಿನ ದಿನಗಳನ್ನು ಯಾವ ಶತ್ರುವಿಗೂ ಬಯಸುವುದಿಲ್ಲ. ಅನ್ನ ಮುದ್ದೆಯಾಗುತ್ತಿತ್ತು, ಮುದ್ದೆ ಅಂಬಲಿಯಾಗುತ್ತಿತ್ತು. ಆಗಸ್ಟಿನಲ್ಲಿ ಶಿರಾದ ಮೇಲೆ ತಣ್ಣನೆಯ ಗಾಳಿ ಬೀಸಿದರೂ ನನಗೆ ಬೆವರು. ಅಲ್ಲಿ ಅವಳಿಗೆ ಬಿಸಿಲು ಬಡಿಯಿತೋ, ನೀರು ಸಿಕ್ಕಿತೋ, ಎಲ್ಲಾದರೂ ಬಿದ್ದಳೋ ಎಂದು ಅಂಚೆಯವನ ದಾರಿ ಕಾಯುತ್ತಿದ್ದೆ. ಬಂದದ್ದು ಒಂದೇ ಕಾಗದ: "ಕ್ಷೇಮ. ನಾನು ಬರೋವರೆಗೂ ಹಾಲು ಬೇಡ ಅಂತ ಹಾಲಿನವಳಿಗೆ ಹೇಳಿ."

ಕೊನೆಗೂ ಅವಳು ಬಂದು ಬಸ್ಸಿನಿಂದ ಇಳಿದಳು. ಕಪ್ಪಾಗಿದ್ದಳು, ಸೊರಗಿದ್ದಳು, ಮುಖದಲ್ಲಿ ನಾನು ಎಂದೂ ಕಾಣದ ಕಳೆಯಿತ್ತು. ಹೇಳಲು ಏನೇನೋ ಒಳ್ಳೆಯ ಮಾತು ಜೋಡಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಮಾತ್ರ, "ಬಿಸಿಲು ಹೆಂಗಿತ್ತು?"

"ಬಿಸಿಲಾ? ಇತ್ತೇನೋ. ನಾನು ಅದನ್ನ ನೋಡೋಕೆ ಹೋಗಿರ್ಲಿಲ್ಲ."

ಟ್ರಂಕು ಹೊತ್ತುಕೊಂಡು ಅವಳ ಹಿಂದೆ ಮನೆಯವರೆಗೂ ನಡೆದೆ. ಹೊಸ್ತಿಲ ಹತ್ತಿರ ತಡೆಯಲಾರದೆ ಕೇಳಿದೆ, "ನನಗೋಸ್ಕರ ಏನಾದ್ರೂ ದುವಾ ಕೇಳಿದ್ಯಾ?"

"ಕೇಳ್ದೆ. ಕಾಬಾ ಮುಂದೆ ನಿಂತು ಕಣ್ಣೀರು ಹಾಕ್ಕೊಂಡು ಕೇಳ್ದೆ."

ನನ್ನ ಕಣ್ಣೂ ತುಂಬಿತು. "ಏನಂತ?"

"ಯಾ ಅಲ್ಲಾ, ನಮ್ಮ ಯಜಮಾನ್ರಿಗೆ ಲೆಕ್ಕ ಮರೆಸಿಬುಡು, ಅಂತ."