ಗಣ್ಯರಿಗೆ ಮಾತ್ರ

ಹೆಸರಿನ ಮುಂದೆ ಒಂದು ದೊಡ್ಡ ಪದ ಇರಲಿ ಎನ್ನುವ ಆಸೆ ಜನರಿಗೆ ಇರುವವರೆಗೂ ಕೆಂಪಾಪುರದ ನನ್ನ ಲಗ್ನಪತ್ರಿಕೆ ಅಂಗಡಿಯಲ್ಲಿ ನಗುವಿಗೆ ಬರವಿಲ್ಲ. ಯಾರ ಹಿಂದೆ ಏನು, ಯಾರ ಮುಂದೆ ಏನು ಹಾಕಬೇಕು ಎನ್ನುವುದರಲ್ಲಿ ಈ ಕಡೆ ನನ್ನನ್ನು ಮೀರಿಸುವವರಿಲ್ಲ. ಒಂದೇ ಮದುವೆಯ ಸಂಗತಿ ಹೇಳುತ್ತೇನೆ, ಸಾಕು.

ಉದ್ಯಮಿ

ಹಳೇ ಊರಿನ ಯಜಮಾನರೊಬ್ಬರು ಮಗಳ ಮದುವೆ ಪತ್ರಿಕೆ ಮಾಡಿಸಲು ಬಂದರು.

"ನನ್ನ ಹೆಸರಿನ ಮುಂದೆ ಉದ್ಯಮಿ ಅಂತ ಹಾಕಿ."

"ಯಾವ ಉದ್ಯಮ ಯಜಮಾನ್ರೇ?"

"ಮೂರು ಮನೆ ಬಾಡಿಗೆಗೆ ಬಿಟ್ಟಿದೀನಿ ಕಣ್ರೀ. ದಿನಾ ಬೆಳಗ್ಗೆ ಎದ್ದು ನೀರಿನ ಮೋಟ್ರು ಆನ್ ಮಾಡೋದು ಯಾರು ಅನ್ಕೊಂಡ್ರಿ?"

ಹಾಕಿದೆ. ದಪ್ಪ ಅಕ್ಷರದಲ್ಲೇ ಹಾಕಿದೆ.

ಗಣ್ಯರ ಪಟ್ಟಿ

ಅಚ್ಚಿಗೆ ಮುಂಚೆ ಪತ್ರಿಕೆ ನೋಡಲು ಯಜಮಾನರ ಜೊತೆ ಅವರ ತಾಯಿಯೂ ಬಂದರು. ಯಜಮಾನರು ತಾಯಿಗೆ, ಮದುವೆಗೆ ಆಗಮಿಸುವ ಗಣ್ಯರ ಹೆಸರುಗಳನ್ನು ಒಂದೊಂದೇ ಓದಿ ಹೇಳಿದರು.

"ಗಣ್ಯರು ಅಂದ್ರೆ ಯಾರ್ಲಾ?" ಎಂದಿತು ಅಜ್ಜಿ. ಮಗ ಬಾಯಿ ತೆರೆಯುವಷ್ಟರಲ್ಲಿ ತಾನೇ ಹೇಳಿತು: "ಓ, ತಡವಾಗ್ ಬಂದು, ಪೋಟೋ ಇಡುಸ್ಕೊಂಡು, ಉಣ್ದಂಗೆ ಓಯ್ತಾರಲ್ಲ, ಅವ್ರಾ? ಬುಡು, ಅಷ್ಟು ಎಲೆ ಉಳೀತು."

ಮುಂದಿನ ಸೋಫಾ

ಛತ್ರದ ಮುಂದಿನ ಸಾಲಿನ ಸೋಫಾಗಳಿಗೆ ಯಜಮಾನರು ನನ್ನಿಂದಲೇ ಒಂದು ಬೋರ್ಡು ಬರೆಸಿದ್ದರು: 'ಗಣ್ಯರಿಗೆ ಮಾತ್ರ.' ಮದುವೆಗೆ ನಾನೂ ಹೋಗಿದ್ದೆ. ಹೆಣ್ಣಿನ ಸೋದರಮಾವ ಸಿಟಿ ಬಸ್ ಡ್ರೈವರ್. ಪಾಪ, ಹೋಗಿ ಆ ಸೋಫಾದಲ್ಲಿ ಕೂತರು. ಯಜಮಾನರು ಎಲ್ಲರ ಎದುರಿಗೇ ಅವರನ್ನು ಎಬ್ಬಿಸಿದರು. ನನಗೆ ನಿಜಕ್ಕೂ ಬೇಜಾರಾಯಿತು.

ಮುಹೂರ್ತಕ್ಕೆ ಹತ್ತೇ ನಿಮಿಷ ಇತ್ತು. ಪುರೋಹಿತರು ಮೈಕಿನಲ್ಲಿ ಕರೆದರು: "ಸೋದರಮಾವ ಹೆಣ್ಣನ್ನ ಕರ್ಕೊಂಡು ಬರಬೇಕು." ಮಾವನ ಸುಳಿವಿಲ್ಲ. ಐದು ನಿಮಿಷ ಆಯಿತು. ಪುರೋಹಿತರು ಬೆವರೊರೆಸಿಕೊಂಡು, "ಗಣ್ಯರಲ್ಲಿ ಯಾರಾದ್ರೂ ಸೋದರಮಾವ ಇದೀರಾ?" ಎಂದರು. ಗಣ್ಯರು ಮುಖ ಮುಖ ನೋಡಿಕೊಂಡರು.

ಯಜಮಾನರು ಪಂಚೆ ಎತ್ತಿ ಕಟ್ಟಿ ಹೊರಗೆ ಓಡಿದರು. ನಾನೂ ಹಿಂದೆಯೇ ಓಡಿದೆ. ಮಾವ ಸ್ಕೂಟರ್ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂತಿದ್ದರು.

"ನಾನ್ ಗಣ್ಯ ಅಲ್ವಲ್ಲ ಭಾವ."

"ತಪ್ಪಾಯ್ತು ಕಣೋ! ಇವತ್ತು ನಿನ್ನ ಬಿಟ್ರೆ ಇಲ್ಲಿ ಇನ್ಯಾರೂ ಗಣ್ಯರಿಲ್ಲ. ಬಾರೋ, ಕೈ ಮುಗೀತೀನಿ!"

ಮಾವ ಬಂದರು. ಹೆಣ್ಣನ್ನು ಕರೆತಂದು ಮಂಟಪದಲ್ಲಿ ಕೂರಿಸಿದರು. ತಾಳಿ ಕಟ್ಟಿದ್ದಾದ ಮೇಲೆ ಕೆಳಗಿಳಿದು ನೆಟ್ಟಗೆ ಅದೇ ಸೋಫಾದ ನಡುಮಧ್ಯೆ ಕೂತರು. ಯಜಮಾನರು ತಾವೇ ಜ್ಯೂಸ್ ತಂದುಕೊಟ್ಟದ್ದನ್ನು ಕಂಡು ಪಕ್ಕದ ಗಣ್ಯರೊಬ್ಬರು ಗಾಬರಿಯಿಂದ ಎದ್ದು ಕೈಮುಗಿದರು.

"ಕ್ಷಮಿಸಿ, ಪರಿಚಯ ಆಗ್ಲಿಲ್ಲ. ತಾವು ಯಾವ ಕಡೆ ಮುಖಂಡರು?"

ಮಾವ ಜ್ಯೂಸ್ ಹೀರಿ ಹೇಳಿದರು: "ಯಲಹಂಕ ಕಡೆ. ನಾನ್ ಬಾಗಿಲು ತೆಗೀದೆ ಅಲ್ಲಿ ಒಬ್ರೂ ಕೆಳಗಿಳಿಯಂಗಿಲ್ಲ."