ಕೊಕ್ಕರೆ ತಂಡದ ಕೊನೆಯ ಸಹಿ

ನಗು, ನಗು. ನಿನ್ನ ವಯಸ್ಸಿನಲ್ಲಿ ನಾನೂ ಹೀಗೇ ನಗುತ್ತಿದ್ದೆ. ಚೆಂಡಿನ ಮೇಲೆ ಸಹಿ ಹಾಕಿದರೆ ಯಾರಾದರೂ ಸಾಯುತ್ತಾರಾ ಅಂತ ತಾನೇ ನಿನ್ನ ಪ್ರಶ್ನೆ? ನಾನೆಲ್ಲಿ ಹಾಗಂದೆ? ಸಹಿ ಹಾಕಿದರು ಅಂದೆ, ಆಮೇಲೆ ಸತ್ತರು ಅಂದೆ. ನಡುವೆ ಇರೋದನ್ನ ನೀನೇ ತುಂಬಿಕೊಂಡು ನನ್ನ ತಲೆಗೆ ಯಾಕಪ್ಪ ಕಟ್ಟುತ್ತೀಯ? ನಾನು ಸುಳ್ಳು ಹೇಳುವ ಪೈಕಿ ಅಲ್ಲ. (ಹಿಂದೊಮ್ಮೆ ಹಿಡಿದ ಮೀನಿನ ಉದ್ದದ ವಿಷಯದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಿದ್ದಿರಬಹುದು. ಅದು ಮೀನಿನ ತಪ್ಪು, ಅಲ್ಲಾಡುತ್ತಿತ್ತು.) ವೆಂಡೆಲ್‌ನ ಚೆಂಡಿನ ಕಥೆಯಲ್ಲಿ ಮಾತ್ರ ಒಂದಕ್ಷರ ಕಲಬೆರಕೆ ಇಲ್ಲ. ಅವನ ಹಿತ್ತಲಿಗೂ ನನ್ನ ಹಿತ್ತಲಿಗೂ ಒಂದೇ ಬೇಲಿ. ಆವತ್ತು ಕಾರು ಓಡಿಸಿಕೊಂಡು ಹೋದವನೂ ನಾನೇ.

ವೆಂಡೆಲ್ ಕ್ರೆಬ್ಸ್ ಎಂದರೆ ಬಾಯಿ. ಉಳಿದ ಅಂಗಾಂಗಗಳು ಆ ಬಾಯನ್ನು ಊರ ತುಂಬ ಹೊತ್ತು ತಿರುಗಲಿಕ್ಕೆಂದು ದೇವರು ಕೊಟ್ಟವು. ಹಲ್ಲುಜ್ಜುವಾಗ ಮಾತು, ಊಟದಲ್ಲಿ ಮಾತು, ನಿದ್ದೆಯಲ್ಲಿ ಬೇಸ್‌ಬಾಲ್ ಆಟದ ವರದಿ. ಅವನ ಹೆಂಡತಿ ವರ್ನಾ ಮದುವೆಯಾದಾಗಿನಿಂದ ಒಂದು ವಾಕ್ಯವನ್ನು ಶುರುವಿನಿಂದ ಕೊನೆಯವರೆಗೆ ಹೇಳಿ ಮುಗಿಸಿದ್ದನ್ನು ಕಂಡವರಿಲ್ಲ. ಕೆಲಸದಿಂದ ನಿವೃತ್ತನಾದ ಮೇಲೆ ವೆಂಡೆಲ್‌ಗೆ ಒಂದು ದಿವ್ಯ ಯೋಚನೆ ಹೊಳೆಯಿತು. ನಮ್ಮ ಹೆರಾನ್ ಬೆಂಡ್ ಊರಿನಲ್ಲಿ ಹಿಂದೊಂದು ಕಾಲದಲ್ಲಿ ಕೊಕ್ಕರೆ ತಂಡ ಅಂತ ಒಂದು ಬೇಸ್‌ಬಾಲ್ ತಂಡ ಇತ್ತು. ಪುಟ್ಟ ಲೀಗು, ಪುಟ್ಟ ಮೈದಾನ. ಆದರೆ ಒಂದು ವರ್ಷ ಎಲ್ಲರನ್ನೂ ಸೋಲಿಸಿ ಕಪ್ಪು ಗೆದ್ದಿತ್ತು. ಆಮೇಲೆ ತಂಡ ಮುಚ್ಚಿತು, ಮೈದಾನದಲ್ಲಿ ಕಾರ್ಪೆಟ್ ಅಂಗಡಿ ಎದ್ದಿತು. ಆಟಗಾರರು ಬ್ಯಾಟು ಬಿಟ್ಟು ಊರುಗೋಲು ಹಿಡಿದರು. ಕಪ್ಪು ಗೆದ್ದ ಆ ಇಡೀ ತಂಡದ ಸಹಿಯನ್ನು ಒಂದೇ ಚೆಂಡಿನ ಮೇಲೆ ಕೂಡಿಸಬೇಕು! ಇದು ವೆಂಡೆಲ್‌ನ ಭೀಷ್ಮಪ್ರತಿಜ್ಞೆ.

ಮೊದಲು ಹಾಕಿಕೊಟ್ಟವನು ಕ್ಯಾಚರ್ ಆಗಿದ್ದ ಓಟಿಸ್. ಭಾನುವಾರ ಸಹಿ ಹಾಕಿದ, ಆ ವಾರ ಮುಗಿಯುವುದರೊಳಗೆ ಹೋದ.

"ಪಾಪ, ವಯಸ್ಸಾಗಿತ್ತು," ಎಂದ ವೆಂಡೆಲ್.

ಎರಡನೆಯವನು ಸಹಿ ಹಾಕಿ, ಪೆನ್ನು ವಾಪಸು ಕೊಟ್ಟು, ಬಾಗಿಲವರೆಗೂ ಬಂದು ಕೈ ಬೀಸಿದ. ಮಾರನೆಯ ದಿನ ಬೀಸಲು ಕೈ ಇತ್ತು, ಬೀಸುವವನಿರಲಿಲ್ಲ.

"ಹೃದಯ ವೀಕಾಗಿತ್ತು," ಎಂದ ವೆಂಡೆಲ್.

ಮೂರನೆಯವನು, ನಾಲ್ಕನೆಯವನು, ಹೀಗೆ ಚೆಂಡು ತುಂಬುತ್ತ ಬಂತು, ಊರಿನ ಸ್ಮಶಾನವೂ ತುಂಬುತ್ತ ಬಂತು. ಜನ ಮಾತಾಡಿಕೊಳ್ಳತೊಡಗಿದರು. ಅದು ಚೆಂಡಲ್ಲ, ಯಮನ ಹಾಜರಿ ಪುಸ್ತಕ ಅಂತ. ವೆಂಡೆಲ್‌ನ ಕಾರು ಬೀದಿಗೆ ತಿರುಗಿದರೆ ಸಾಕು, ಹಳೇ ಆಟಗಾರರ ಮನೆಗಳಲ್ಲಿ ಪರದೆಗಳು ಸರ್ರನೆ ಎಳೆದುಕೊಳ್ಳುತ್ತಿದ್ದವು. ಎರಡನೇ ಬೇಸ್ ಕಾಯುತ್ತಿದ್ದ ಲೋವೆಲ್ ಅಂತೂ ಬಾಗಿಲ ಹಿಂದೆ ನಿಂತು ತನ್ನ ಹೆಂಡತಿಗೆ, "ನಾನು ಸತ್ತೋಗಿದೀನಿ ಅಂತ ಹೇಳಿ ಕಳ್ಸೇ!" ಎಂದು ಗಟ್ಟಿಯಾಗಿ ಕೂಗಿದ.

"ಸತ್ತೋರು ಇಷ್ಟು ಜೋರಾಗಿ ಕೂಗಲ್ಲ ಲೋವೆಲ್ ಅವರೇ," ಎಂದು ವೆಂಡೆಲ್ ಕಿಂಡಿಯಲ್ಲಿ ಬಾಯಿಟ್ಟು ಹೇಳಿದ. "ಶಾಯಿ ಅಂದ್ರೆ ಶಾಯಿ ಅಷ್ಟೆ. ಅದು ಯಾರ್ನೂ ಕಚ್ಚಲ್ಲ. ಬರೀ ಒಂದು ಸಹಿ!"

ಲೋವೆಲ್ ಹಾಕಿದ. ಪಾಪ, ಲೋವೆಲ್.

ಮನೆಯಲ್ಲಿ ವರ್ನಾಳದು ಬೇರೆಯೇ ಗೋಳು. ಬಿಸಿಲು ತಾಗಿದರೆ ಶಾಯಿ ಮಾಸುತ್ತದಲ್ಲ, ಅದಕ್ಕೇ ಈ ಕಸುಬಿನವರೆಲ್ಲ ಚೆಂಡನ್ನು ಕಾಲುಚೀಲದ ಡ್ರಾಯರಿನಲ್ಲಿ ಕತ್ತಲಲ್ಲಿ ಇಡುತ್ತಾರೆ. ವೆಂಡೆಲ್ ಕೂಡ ಇಟ್ಟ. ಅದು ಒಳಗೇ ಗುಡುಗುಡು ಉರುಳುತ್ತಿತ್ತು. ಮಟ ಮಟ ಮಧ್ಯಾಹ್ನ, ಮನೆಯಲ್ಲಿ ಒಂದು ಸದ್ದಿಲ್ಲ, ಡ್ರಾಯರಿನಲ್ಲಿ ಗುಡುಗುಡು. ಮಾರನೆಯ ದಿನ ಪೇಪರು ತೆಗೆದರೆ ಸಾವಿನ ಸುದ್ದಿಯಲ್ಲಿ ಯಾರೋ ಒಬ್ಬ ಕೊಕ್ಕರೆ ಆಟಗಾರನ ಫೋಟೋ.

"ನಮ್ಮನೆ ಹೊಳೆ ಕಡೆ ವಾಲಿದೆ ಕಣೇ. ಉರುಳದೆ ಇನ್ನೇನಾಗುತ್ತೆ?" ಎಂದ ವೆಂಡೆಲ್.

"ಹೊಳೆ ಕಡೆ ವಾಲಿದ್ರೆ ಹೊಳೆ ಕಡೆ ತಾನೇ ಉರುಳಬೇಕು?" ಎಂದಳು ವರ್ನಾ. "ಇದು ಗುಡ್ಡದ ಕಡೆ ಉರುಳುತ್ತಲ್ಲ, ಸ್ಮಶಾನ ಇರೋ—"

"ಸಮತಟ್ಟು ಅನ್ನೋದು ಒಂದು ದೊಡ್ಡ ಶಾಸ್ತ್ರ," ಎಂದು ವೆಂಡೆಲ್ ಭಾಷಣ ಶುರುಮಾಡಿದ. ವರ್ನಾಳ ವಾಕ್ಯ ಎಂದಿನಂತೆ ಅರ್ಧದಲ್ಲೇ ಪ್ರಾಣ ಬಿಟ್ಟಿತು. ಅವರ ಬೆಕ್ಕು ಆವತ್ತೇ ಗಂಟುಮೂಟೆ ಕಟ್ಟಿ ನಮ್ಮ ಮನೆಗೆ ಬಂದುಬಿಟ್ಟಿತು.

ಕೊನೆಗೆ ಒಂದೇ ಸಹಿ ಬಾಕಿ ಉಳಿಯಿತು. ಆ ಚೆಂಡಿನಲ್ಲಿ ಎರಡು ಕೆಂಪು ಹೊಲಿಗೆಗಳು ತೀರಾ ಹತ್ತಿರ ಬರುವ ಒಂದು ಕಿರಿದಾದ ಬಿಳಿ ಜಾಗವಿದೆ. ಸಹಿ ಕೂಡಿಸುವವರಿಗೆ ಅದೇ ಗರ್ಭಗುಡಿ. ತಂಡದ ಅತಿ ದೊಡ್ಡ ಆಟಗಾರ ಮಾತ್ರ ಅಲ್ಲಿ ಸಹಿ ಹಾಕಬೇಕು. ಬೇರೆ ಯಾರೇ ಗೀಚಿದರೂ ಚೆಂಡು ಕೆಟ್ಟಿತು, ಬೀದಿ ನಾಯಿಗೆ ಎಸೆಯಬೇಕು. ವೆಂಡೆಲ್ ಆ ಜಾಗವನ್ನು ಕಾದಿರಿಸಿದ್ದು ಎಮಿಲ್ ಹ್ರುಸ್ಕಾನಿಗೆ. ಕೊಕ್ಕರೆ ತಂಡಕ್ಕೆ ಕಪ್ಪು ಗೆದ್ದುಕೊಟ್ಟ ಪಿಚರ್, ಅಂದರೆ ಚೆಂಡೆಸೆಯುವವನು. ಹೊಳೆಯಾಚೆ ಒಂಟಿ ಮನೆಯಲ್ಲಿದ್ದ. ಆ ತಂಡದಲ್ಲಿ ಜೀವಂತ ಉಳಿದಿದ್ದವನು ಅವನೊಬ್ಬನೇ.

ಆದರೆ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅದು ಹೀಗೆ. ಒಬ್ಬ ಪಿಚರ್ ಎದುರಾಳಿಗಳಲ್ಲಿ ಒಬ್ಬನಿಗೂ ಸರಿಯಾಗಿ ಬಾರಿಸಲು ಬಿಡದೆ ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಎಸೆಯುತ್ತಿದ್ದಾನೆ ಅಂತಿಟ್ಟುಕೋ. ಆಗ ಅವನ ತಂಡದವರು ಅವನ ಹತ್ತಿರ ಕೂರುವುದಿಲ್ಲ, ಮಾತಾಡಿಸುವುದಿಲ್ಲ. 'ಇನ್ನೂ ಒಬ್ಬನೂ ಬಾರಿಸಿಲ್ಲ' ಅಂತ ಯಾವನಾದರೂ ಅಂದನೋ, ದೃಷ್ಟಿ ತಾಗಿತು, ಮುಂದಿನ ಚೆಂಡೇ ಬೇಲಿ ದಾಟುತ್ತದೆ. ನಮ್ಮ ಊರಿನವರು ಎಮಿಲ್‌ನ ಆಯುಷ್ಯಕ್ಕೂ ಇದೇ ನಿಯಮ ಇಟ್ಟಿದ್ದರು. ಚರ್ಚಿನಲ್ಲಿ ಅವನ ಬೆಂಚಿನ ಎರಡು ಕಡೆಯೂ ಖಾಲಿ. ಕ್ಷೌರದವನು ಅವನ ತಲೆಗೂದಲನ್ನು ಮೌನವ್ರತದಲ್ಲಿ ಕತ್ತರಿಸುತ್ತಿದ್ದ. ಹುಟ್ಟುಹಬ್ಬಕ್ಕೆ ಯಾರೋ ಒಬ್ಬರು ಮೇಣದಬತ್ತಿಯಿಲ್ಲದ ಕೇಕನ್ನು ಬಾಗಿಲಲ್ಲಿಟ್ಟು ಓಡಿಬರುತ್ತಿದ್ದರು. 'ಚೆನ್ನಾಗಿದೀರಾ' ಅಂತ ಕೇಳುವಂತೆಯೇ ಇರಲಿಲ್ಲ.

"ನಾನೂ ಬರ್ತೀನಿ," ಎಂದಳು ವರ್ನಾ. "ನೀನೊಬ್ಬನೇ ಹೋದ್ರೆ ಬಾಯಿ—"

"ನನ್ನ ಬಾಯಿ ನನ್ನ ಹಿಡಿತದಲ್ಲಿದೆ!" ಎಂದ ವೆಂಡೆಲ್.

ಅದನ್ನು ಕೇಳಿ ನನಗೆ ಮೊದಲ ಸಲ ನಿಜವಾಗಿ ಭಯವಾಯಿತು.

ಅಕ್ಟೋಬರ್ ತಿಂಗಳ ಇಳಿಹೊತ್ತು. ವರ್ನಾ ಕೋಳಿ-ನೂಡಲ್ಸ್ ಮಾಡಿ ದೊಡ್ಡ ಪಾತ್ರೆಗೆ ಹಾಕಿ ಮಡಿಲಲ್ಲಿಟ್ಟುಕೊಂಡಿದ್ದಳು. ಸೇತುವೆ ದಾಟುವಾಗ ಹೊಳೆಯಿಂದ ಮಂಜು ಎದ್ದು ಕಾರಿನ ಜೊತೆಗೇ ನಡೆದುಬಂತು. ಜೋಳ ಕೊಯ್ದ ಹೊಲಗಳಲ್ಲಿ ಕಾಗೆಗಳು ಸಾಲಾಗಿ ಕೂತಿದ್ದವು, ಆಟ ನೋಡಲು ಟಿಕೆಟ್ ತೆಗೆದುಕೊಂಡವರ ಹಾಗೆ. ಒಂದೂ ಕೂಗಲಿಲ್ಲ. ಎಮಿಲ್‌ನ ಜಗಲಿಯಲ್ಲಿ ಕುರ್ಚಿಗಳಿದ್ದವು, ಒಂದು ಬಿಟ್ಟು ಉಳಿದವೆಲ್ಲ ಗೋಡೆಗೆ ಮುಖ ಮಾಡಿದ್ದವು. ಆ ಒಂದು ಮಾತ್ರ ತೂಗುತ್ತಿತ್ತು. ಅದರಲ್ಲಿ ಎಮಿಲ್. ಮುಖ ಹಳೇ ಚೆಂಡಿನ ಚರ್ಮದ ಹಾಗೆ, ಕಣ್ಣು ತೊಳೆದಿಟ್ಟ ಗಾಜಿನ ಹಾಗೆ. ಹಿಂದೆ ಬಾಗಿಲೊಳಗೆ ಕ್ಯಾಲೆಂಡರ್ ಇಲ್ಲ, ಕನ್ನಡಿ ಇಲ್ಲ. ಗೋಡೆಗಡಿಯಾರ ಇತ್ತು, ಮುಳ್ಳುಗಳನ್ನು ಕಿತ್ತಿದ್ದರು.

ನಾನು ಮೆಟ್ಟಿಲ ಮೇಲೇ ಕೂತೆ. ಕಾಲು ನೋವು. (ಹೌದಪ್ಪ, ಕಾಲು ನೋವೇ.) ವರ್ನಾ ಪಾತ್ರೆ ಹಿಡಿದು ಒಳಗೆ ಬಿಸಿ ಮಾಡಲು ಹೋದಳು.

ವೆಂಡೆಲ್ ಗೋಡೆ ನೋಡುತ್ತಿದ್ದ ಒಂದು ಕುರ್ಚಿಯನ್ನು ತಿರುಗಿಸಿ ಕೂತ. ಟೊಮೆಟೊ ಬೆಳೆಯ ಬಗ್ಗೆ ಮಾತಾಡಿದ, ಛಾವಣಿ ಸೋರುವುದರ ಬಗ್ಗೆ ಮಾತಾಡಿದ. ಆ ಒಂದು ಮಾತು ಅವನ ಗಂಟಲಲ್ಲಿ ಕಪ್ಪೆಯ ಹಾಗೆ ಜಿಗಿಯುತ್ತಿದ್ದುದು ಮೆಟ್ಟಿಲ ಮೇಲಿದ್ದ ನನಗೇ ಕಾಣುತ್ತಿತ್ತು. ಮುಖ ಕೆಂಪಾಯಿತು, ನೇರಳೆಯಾಯಿತು. ಕೊನೆಗೆ ಅಣೆಕಟ್ಟು ಒಡೆಯಿತು.

"ಎಮಿಲ್ ಅವರೇ, ಇಡೀ ತಂಡದಲ್ಲಿ ಉಳಿದಿರೋರು ನೀವೊಬ್ಬರೇ!"

ತೂಗುವ ಕುರ್ಚಿ ನಿಂತಿತು. ಒಳಗೆ ಮುಳ್ಳಿಲ್ಲದ ಗಡಿಯಾರ 'ಠಣ್' ಎಂದು ಒಂದು ಸಲ ಬಡಿಯಿತು. ಹೊಲದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಕೂತವು.

"ಹೇಳಿಬಿಟ್ಟೆ," ಎಂದ ಎಮಿಲ್. ದನಿ ಬಾವಿಯ ತಳದಿಂದ ಬಂದ ಹಾಗಿತ್ತು. ಆಮೇಲೆ ನಿಧಾನವಾಗಿ ನಕ್ಕ. "ಇರ್ಲಿ ಬಿಡು ಹುಡುಗಾ. ಸಹಿ ತಾನೇ ನಿಂಗೆ ಬೇಕಾಗಿರೋದು?" (ಎಪ್ಪತ್ತು ದಾಟಿದ ವೆಂಡೆಲ್‌ನನ್ನು ಹುಡುಗಾ ಎನ್ನುವವನು ಊರಲ್ಲಿ ಅವನೊಬ್ಬನೇ.) "ಹಾಕ್ತೀನಿ. ಆದ್ರೆ ನಂದೂ ಒಂದು ಪದ್ಧತಿ ಇದೆ. ಮೊದಲು ನೀನು ಹಾಕ್ಬೇಕು."

ಅವನು ಕೋಟಿನ ಜೇಬಿನಿಂದ ತನ್ನದೇ ಒಂದು ಚೆಂಡು ತೆಗೆದು ವೆಂಡೆಲ್‌ನ ಕೈಗಿಟ್ಟ. ಬಿಸಿಲು ಕಾಣದ ಕಲ್ಲಿನ ಹಾಗೆ ಕೊರೆಯುತ್ತಿತ್ತಂತೆ. ಅದರ ತುಂಬ ಸಹಿಗಳು. ವೆಂಡೆಲ್ ಕನ್ನಡಕ ಏರಿಸಿ ಓದಿದ. ಒಂದೂ ಆಟಗಾರನ ಹೆಸರಲ್ಲ.

"ಇದು... ನಮ್ಮ ಹಾರ್ಡ್‌ವೇರ್ ಅಂಗಡಿ ಕ್ಲೈಡ್ ಅಲ್ವಾ? ಅವನೂ ಸಹಿ ಕೂಡಿಸ್ತಿದ್ದ. ಇದು ಆ ಹಲ್ಲಿನ ಡಾಕ್ಟ್ರು. ಅವರೂ..."

"ಎಲ್ಲಾ ನನ್ನ ಸಹಿ ಕೇಳ್ಕೊಂಡು ಬಂದೋರೇ," ಎಂದ ಎಮಿಲ್. "ಖುಷಿಯಾಗಿ ಹಾಕಿದ್ರು. ನಾಳೆ ಬನ್ನಿ, ನಂದು ಹಾಕಿಕೊಡ್ತೀನಿ ಅಂದೆ. ಒಬ್ನೂ ಬರ್ಲಿಲ್ಲ."

ವೆಂಡೆಲ್ ಚೆಂಡನ್ನು ತಿರುಗಿಸಿದ. ಗರ್ಭಗುಡಿಯೊಂದು ಬಿಟ್ಟು ಉಳಿದದ್ದೆಲ್ಲ ತುಂಬಿತ್ತು.

"ನಿನಗಂತ್ಲೇ ಇಟ್ಟಿದೀನಿ," ಎಂದ ಎಮಿಲ್ ಪ್ರೀತಿಯಿಂದ. "ನಿನ್ನ ಖ್ಯಾತಿ ಕೇಳಿದೀನಪ್ಪ. ತಗೋ ಪೆನ್ನು."

ಬಾಯಿಯೇ ಬಂಡವಾಳವಾದ ವೆಂಡೆಲ್ ಕ್ರೆಬ್ಸ್‌ನ ಬಾಯಿ ಅಂದು ಮೊದಲ ಸಲ ಒಣಗಿತು. ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. ಚಳಿ ಅಂದ. ಕನ್ನಡಕ ಸರಿಯಿಲ್ಲ ಅಂದ. "ಒಟ್ಟಿಗೇ ಹಾಕೋಣ," ಅಂದ. ಎಮಿಲ್ ಒಪ್ಪಿ ಇವನ ಚೆಂಡನ್ನು ಕೈಗೆತ್ತಿಕೊಂಡ. ಇಬ್ಬರೂ ಎದುರುಬದುರು, ಕೈಯಲ್ಲಿ ಪರರ ಚೆಂಡು, ಪೆನ್ನಿನ ತುದಿ ಚರ್ಮಕ್ಕೆ ಕೂದಲೆಳೆಯಷ್ಟು ದೂರ. ಮಂಜು ಜಗಲಿಯೊಳಗೆ ಬಂದು ಇಬ್ಬರ ಮೊಣಕಾಲವರೆಗೆ ತುಂಬಿತು. ಇವನು ಹಾಕಲಿ ಅಂತ ಅವನು, ಅವನು ಹಾಕಲಿ ಅಂತ ಇವನು. ಉಸಿರಾಡುತ್ತಿದ್ದರೋ ಇಲ್ಲವೋ ನಾನು ಕಾಣೆ. ನಾನಂತೂ ಆಡುತ್ತಿರಲಿಲ್ಲ.

"ಊಟಕ್ಕೆ ಬನ್ನಿ!" ಒಳಗಿಂದ ವರ್ನಾ.

ಯಾರೂ ಕದಲಲಿಲ್ಲ.

"ಆಗ್ಲಿಂದ ಕೂಗ್ತಾ ಇದೀನಿ! ನೂಡಲ್ಸ್ ಆರಿ ಗಟ್ಟಿಯಾಗ್ತಿದೆ!"

ಇಲ್ಲ. ಬಾಗಿಲು ದಡಾರನೆ ತೆರೆಯಿತು. ವರ್ನಾ ಬಂದು ಇಬ್ಬರನ್ನೂ ನೋಡಿದಳು. ಎರಡು ಚೆಂಡುಗಳನ್ನೂ ನೋಡಿದಳು.

"ಏನಿದು, ಹುಡುಗಾಟ? ಒಂದು ಸಹಿ ಹಾಕೋಕೆ ಇಬ್ಬರು ಗಂಡಸರು ಹೀಗೆ ಬೆವರ್ತಾರಾ?"

"ವರ್ನಾ, ಬೇಡ, ನೀನು ಸುಮ್—" ಎಂದ ವೆಂಡೆಲ್. ಜೀವಮಾನದಲ್ಲಿ ಮೊದಲ ಬಾರಿಗೆ ಅರ್ಧಕ್ಕೆ ನಿಂತದ್ದು ಅವನ ಮಾತು.

ಯಾಕೆಂದರೆ ಅವಳು ಆಗಲೇ ಎಮಿಲ್‌ನ ಚೆಂಡನ್ನು ಕಸಿದುಕೊಂಡು, ಆ ಖಾಲಿ ಜಾಗದಲ್ಲಿ ದುಂಡಗೆ 'ವರ್ನಾ ಕ್ರೆಬ್ಸ್' ಎಂದು ಬರೆದಾಗಿತ್ತು. ಅಷ್ಟಕ್ಕೇ ಬಿಟ್ಟಳಾ? ವೆಂಡೆಲ್‌ನ ಚೆಂಡನ್ನೂ ಎಳೆದುಕೊಂಡು, ಅದರ ಗರ್ಭಗುಡಿಯ ನಟ್ಟನಡುವೆ, ಮಹಾ ಪಿಚರ್ ಎಮಿಲ್ ಹ್ರುಸ್ಕಾನಿಗಾಗಿ ವರ್ಷಗಟ್ಟಲೆ ಕಾದಿರಿಸಿದ ಆ ಪವಿತ್ರ ಸ್ಥಳದಲ್ಲಿ, ಹಾಲಿನವನ ಚೆಕ್ಕಿಗೆ ಹಾಕುವ ಹಾಗೆ ಮತ್ತೊಂದು ಸಹಿ ಜಡಿದು ಕೆಳಗೊಂದು ಗೆರೆ ಎಳೆದಳು.

"ಮುಗೀತಲ್ಲ? ಶಾಯಿ ಅಂದ್ರೆ ಶಾಯಿ ಅಷ್ಟೆ. ಏಳಿ, ಕೈ ತೊಳ್ಕೊಳ್ಳಿ."

ಎಮಿಲ್ ತನ್ನ ತುಂಬಿದ ಚೆಂಡನ್ನು ಜೇಬಿಗಿಳಿಸಿಕೊಂಡು, ಹತ್ತು ವರ್ಷ ಕಿರಿಯನಾದವನ ಹಾಗೆ ಎದ್ದು ಒಳಗೆ ಹೋಗಿ ಮೂರು ತಟ್ಟೆ ನೂಡಲ್ಸ್ ತಿಂದ. ವೆಂಡೆಲ್ ತುತ್ತು ಬಾಯಿಗಿಡಲಿಲ್ಲ. ಹಾಳಾದ ಚೆಂಡಿನ ಕಡೆ ತಿರುಗಿಯೂ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದ. ಅವಳಿಗೆ ಮೆಣಸಿನಪುಡಿ ಮೂಗಿಗೇರಿ ಒಂದು ಸೀನು ಬಂತು ನೋಡು, ಕುರ್ಚಿಸಮೇತ ಹಿಂದಕ್ಕೆ ಬಿದ್ದ.

ಅದಾಗಿ ಕೆಲವು ವರ್ಷಗಳೇ ಆದವು. ಎಸೆಯಲು ಧೈರ್ಯ ಸಾಲದೆ ವೆಂಡೆಲ್ ಚೆಂಡನ್ನು ಮತ್ತೆ ಡ್ರಾಯರಿಗೇ ಹಾಕಿದ್ದಾನೆ. ಅದು ಗುಡುಗುಡು ಅಂದಾಗಲೆಲ್ಲ ಅವನು ಎಲ್ಲಿದ್ದರೂ ಓಡಿಬಂದು ವರ್ನಾಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಾನೆ. ಏಣಿ ಹತ್ತಲು ಬಿಡುವುದಿಲ್ಲ, ಬಕೆಟ್ ಎತ್ತಲು ಬಿಡುವುದಿಲ್ಲ, ಒಲೆಯ ಹತ್ತಿರ ಸುಳಿಯಲು ಬಿಡುವುದಿಲ್ಲ. ಅಡುಗೆ, ಬಟ್ಟೆ, ಕಸ, ಎಲ್ಲ ಅವನದೇ. ಇನ್ನು ಮಾತು? ಏನು ಮಾತಾಡುತ್ತಾನೆ ಪಾಪ? ಬಾಯಿ ತೆರೆದರೆ ಆ ಮಾತೇ ಹೊರಬೀಳುತ್ತದೆ ಅಂತ ಅವನಿಗೆ ಗೊತ್ತು, 'ವರ್ನಾ, ನೀನಿನ್ನೂ ಇದೀಯಲ್ಲೇ' ಅಂತ. ಅಂದನೋ, ದೃಷ್ಟಿ ತಾಗಿತು. ಅದಕ್ಕೇ ಊಟದ ಮೇಜಿನ ಆ ತುದಿಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂರುತ್ತಾನೆ. ವರ್ನಾ ಮೈಕೈ ತುಂಬಿಕೊಂಡು ಸೇಬಿನ ಹಾಗಾಗಿದ್ದಾಳೆ. ಒಂದು ವಾಕ್ಯ ಶುರುಮಾಡಿದರೆ ಸಾವಕಾಶವಾಗಿ ಪೂರ್ತಿ ಹೇಳಿ ಮುಗಿಸುತ್ತಾಳೆ, ಆಮೇಲೆ ಇನ್ನೊಂದು. "ಇಷ್ಟು ಸುಲಭ ಅಂತ ಗೊತ್ತಿದ್ದಿದ್ರೆ ಮದುವೆ ದಿನಾನೇ ಸಹಿ ಹಾಕ್ತಿದ್ದೆ," ಎಂದಳು ಮೊನ್ನೆ ನನ್ನ ಹತ್ತಿರ.

ಅಗೋ, ಸೌಟಿನಲ್ಲಿ ಪಾತ್ರೆ ಬಡಿಯುತ್ತಿರೋದು ಕೇಳಿಸಿತಾ? ವೆಂಡೆಲ್ಲೇ. ಊಟಕ್ಕೆ ಕರೆಯೋದೂ ಈಗ ಹೀಗೇ. ಏಳು, ನೀನೂ ಬಾ, ಕೋಳಿ ಚೆನ್ನಾಗಿ ಬೇಯಿಸೋದು ಕಲಿತಿದ್ದಾನೆ. ಆದರೆ ನೋಡು, ನಗೋದಿದ್ದರೆ ಇಲ್ಲೇ ನಕ್ಕು ಮುಗಿಸು. ಒಳಗೆ ಹೋದ ಮೇಲೆ ವರ್ನಾಗೆ ಅಪ್ಪಿತಪ್ಪಿಯೂ 'ಚೆನ್ನಾಗಿದೀರಾ' ಅಂತ ಮಾತ್ರ ಕೇಳಬೇಡ. ಹೋದ ವಾರ ಪೋಸ್ಟಿನವನು ಕೇಳಿದ ಅಂತ ವೆಂಡೆಲ್ ಅದೇ ಸೌಟು ಹಿಡಿದು ಅವನನ್ನು ಸೇತುವೆವರೆಗೂ ಅಟ್ಟಿಸಿಕೊಂಡು ಹೋಗಿದ್ದ, ಒಂದೇ ಒಂದು ಮಾತೂ ಆಡದೆ.